ಬಹಿಯಾದ ಅಲ್ಫೊನ್ಸೊ

"ಇನ್ಮೇಲೆ ಪಾರಿ ಅಂತ ಸಹಿ ಹಾಕೋ ಮುಂಚೆ ಎರಡು ಸಲ ಯೋಚನೆ ಮಾಡಣ್ಣ," ಎಂದು ನೆಸ್ಟಾ ಎರಡು ಹಾಳೆಗಳನ್ನು ಚಹಾದ ಮೇಜಿನ ಮೇಲೆ ಹರವಿದಳು.

ಐವರ್ ಚಹಾದ ಬಟ್ಟಲು ಕೆಳಗಿಟ್ಟು ಹಾಳೆಗಳತ್ತ ಬಾಗಿದ. ಕ್ಯಾಪ್ಟನ್ ಟ್ಯೂಡರ್ ಪಾರಿಯ ಹಿರಿಯ ಮೊಮ್ಮಗನೆಂದು ಜೀವಮಾನವಿಡೀ ಎದೆಯುಬ್ಬಿಸಿ ನಡೆದವನು ಅವನು. ಅಜ್ಜನ ಹಿತ್ತಾಳೆಯ ದುರ್ಬೀನು ಇಂದು ಮಾರ್ವೆನ್ ಅತ್ತೆಯ ಕೈಯಿಂದ ಅವನಿಗೆ ಬರಬೇಕಿತ್ತು. ಅವನಿಗೆ ತಪ್ಪಿದರೆ ಚಿಕ್ಕಪ್ಪನ ಮಗಳು ನೆಸ್ಟಾಗೆ. ದುರ್ಬೀನು ಹಾಳಾಗಲಿ, ಈಗ ಅಜ್ಜನೇ ಕೈಬಿಟ್ಟು ಹೋಗುವಂತಿತ್ತು.

ಮೊದಲ ಹಾಳೆ 1911ರ ಜನಗಣತಿಯದು, ಅಜ್ಜಿ ಎಲಿನ್‌ಳದೇ ಕೈಬರಹ. ಆ ರಾತ್ರಿ ಕ್ಯಾಪ್ಟನ್ ಸಮುದ್ರದ ಮೇಲೆ. ಮನೆಯಲ್ಲಿದ್ದವರು ಎಲಿನ್ ಮತ್ತು ಅಲ್ಫೊನ್ಸೊ. ಅವನ ವಯಸ್ಸು ಇಪ್ಪತ್ತನಾಲ್ಕು, ಅವಿವಾಹಿತ, ಹುಟ್ಟಿದ್ದು ಬ್ರೆಜಿಲ್‌ನ ಬಹಿಯಾ, ಕಸುಬು ಇಲ್ಲ. ಭಾಷೆ: ವೆಲ್ಷ್, ಇಂಗ್ಲಿಷ್ ಎರಡೂ.

"ಬ್ರೆಜಿಲ್‌ನವನಿಗೆ ನಮ್ಮ ವೆಲ್ಷ್ ಯಾರು ಕಲಿಸಿದ್ರೋ," ಎಂದಳು ನೆಸ್ಟಾ. "ದೀಪ ಆರಿಸಿದ ಮೇಲೆ ಪಾಠ ನಡೀತಿತ್ತೇನೋ."

ಎರಡನೆಯದು ಮರುವರ್ಷದ ಜನನ ಪತ್ರ. ಹ್ಯೂ ಅಲ್ಫೊನ್ಸೊ ಪಾರಿ. ಐವರ್‌ನ ಅಪ್ಪ! ಆ ನಡುವಿನ ಹೆಸರನ್ನು ಅಪ್ಪ ಸಾಯುವವರೆಗೂ 'ಅ' ಎಂದಷ್ಟೇ ಬರೆಯುತ್ತಿದ್ದರು. ಏನದು ಎಂದು ಕೇಳಿದರೆ ಮುಖ ಕೆಂಪಾಗುತ್ತಿತ್ತು.

"ಆ ಮಹಾಶಯ ಮದುವೆ ನೋಂದಣಿಯಲ್ಲೂ ಇಲ್ಲ, ಸಾವಿನ ನೋಂದಣಿಯಲ್ಲೂ ಇಲ್ಲ," ಎಂದಳು ನೆಸ್ಟಾ. "ಕೆಲಸ ಮುಗಿಸಿ ಜಾಗ ಖಾಲಿ ಮಾಡಿದಾನೆ."

ಐವರ್ ಅತ್ತೆಯತ್ತ ತಿರುಗಿದ. ಕ್ಯಾಪ್ಟನ್‌ರ ಮಕ್ಕಳಲ್ಲಿ ಉಳಿದವಳು ಅವಳೊಬ್ಬಳೇ. ತೊಂಬತ್ತೈದರ ಮುದುಕಿ, ಹಸಿರು ಗರಿ ಸಿಕ್ಕಿಸಿದ ಹಳೇ ಟೋಪಿಯನ್ನು ಮನೆಯೊಳಗೂ ತೆಗೆಯದೆ, ಒಣದ್ರಾಕ್ಷಿಯ ಬ್ರೆಡ್ ಮೆಲ್ಲುತ್ತಿದ್ದಳು.

"ಅತ್ತೆ, ಅಲ್ಫೊನ್ಸೊ ಅಂತ ನಿಜವಾಗ್ಲೂ ಇದ್ನಾ?"

"ಇಲ್ಲದೆ ಏನು? ನನಗೆ ಹದಿನಾರು ವರ್ಷ ಆಗೋವರೆಗೂ ಇದ್ದ. ಅಪ್ಪನೇ ಕರ್ಕೊಂಡು ಬಂದಿದ್ದು. ಅಮ್ಮ ತುತ್ತು ಕೊಟ್ಟರಷ್ಟೇ ತಿಂತಿದ್ದ. ಅಪ್ಪ ಊರಿಗೆ ಬಂದ್ರೆ ಹೊಟ್ಟೆಕಿಚ್ಚಿಗೆ ಬೈದು ಬೈದು ರಂಪ ಮಾಡ್ತಿದ್ದ."

ಐವರ್ ಜನನ ಪತ್ರವನ್ನು ಅತ್ತೆಯ ಮುಂದೆ ಸರಿಸಿದ. "ಅವನ ಹೆಸರನ್ನ ನಮ್ಮಪ್ಪನಿಗೆ ಯಾಕಿಟ್ರು?"

"ಹ್ಯೂ ಹುಟ್ಟಿದಾಗ ಥೇಟ್ ಅವನ ಥರಾನೇ ಇದ್ನಂತೆ. ಅದೇ ಮೂಗು, ಅದೇ ಗಂಟಲು. ಅಪ್ಪನೇ ನಕ್ಕೊಂಡು ಆ ಹೆಸರಿಟ್ಟಿದ್ದು."

ಐವರ್‌ಗೆ ಅಳುವೇ ಬಂತು. ಅಜ್ಜ ಎಲ್ಲ ತಿಳಿದೂ ನಕ್ಕಿದ್ದರೇ?

"ಅಂಥವನನ್ನ ಸರ್ಕಾರಿ ಕಾಗದದಲ್ಲಿ ಬರೆಯೋಕೂ ಅಜ್ಜಿಗೆ ಧೈರ್ಯ ಬಂತಲ್ಲ," ಎಂದಳು ನೆಸ್ಟಾ.

"ಆ ಸಲ ಪಾದ್ರಿಗಳು ಕಟ್ಟಪ್ಪಣೆ ಮಾಡಿದ್ರಂತೆ ಕಣೇ. ವೆಲ್ಷ್ ಆಡೋ ಒಂದು ಬಾಯೂ ಲೆಕ್ಕ ತಪ್ಪಬಾರದು, ಇಲ್ಲಾಂದ್ರೆ ಇಂಗ್ಲಿಷರು ನಮ್ಮ ಭಾಷೆ ಸತ್ತೇಹೋಯ್ತು ಅಂತಾರೆ ಅಂತ. ಅಮ್ಮ ಪಾದ್ರಿಗಳ ಮಾತು ಮೀರೋಳಲ್ಲ."

ನೆಸ್ಟಾ ಚೀಲದಿಂದ ಡಿಎನ್‌ಎ ಪರೀಕ್ಷೆಯ ಪುಟ್ಟ ಡಬ್ಬಿ ತೆಗೆದಳು. "ಅಣ್ಣನ ಎಂಜಲು ಇಲ್ಲೇ ಸಿಗುತ್ತೆ. ಆ ಅಲ್ಫೊನ್ಸೊದು ಒಂದು ಕೂದಲು ಸಿಕ್ಕಿದ್ರೆ ಹೋಲಿಸಿ ನೋಡಬಹುದಿತ್ತು."

ಅತ್ತೆ ದುರ್ಬೀನನ್ನು ಐವರ್‌ನ ಮಡಿಲಿಗೆ ತಳ್ಳಿ, ಟೋಪಿ ಕಳಚಿ, ಹಸಿರು ಗರಿಯನ್ನು ಕಿತ್ತು ನೆಸ್ಟಾಳ ಕೈಗಿಟ್ಟಳು.

"ಗಿಳಿಗೆ ಕೂದಲು ಎಲ್ಲಿಂದ ತರಲೇ? ಈ ಪುಕ್ಕದಲ್ಲೇ ಹೋಲಿಸಿ ನೋಡ್ಕೋ."