ಕಡಲಸೌತೆಯ ಮುಂದಿನ 'ದ'

ಪ್ರೊಫೆಸರ್ ಕುನಿಮೊತೊ ಅವರ ಕೆಂಪು ಪೆನ್ನು ಏಳನೆಯ 'ದ' ಮೇಲೆ ಬಂದು ನಿಂತಿತು. ಎದುರಿಗಿದ್ದ ವಿದ್ಯಾರ್ಥಿನಿ ಚಿಗುಸಾ ಅದರ ತುದಿಯನ್ನೇ ನೋಡುತ್ತಿದ್ದಳು. ಅವಳ ಇಂಗ್ಲಿಷ್ ಸಂಶೋಧನಾ ಲೇಖನ ಇವತ್ತು ಸಂಜೆಯೊಳಗೆ ಪತ್ರಿಕೆಗೆ ಹೋಗದಿದ್ದರೆ ಪದವಿ ಇನ್ನೊಂದು ವರ್ಷ ಮುಂದಕ್ಕೆ.

ಕಡಲಸೌತೆ ಎಂಬ ಸಮುದ್ರಜೀವಿಯ ಬಗ್ಗೆ ಅವಳು ಬರೆದದ್ದಕ್ಕೆ ಯಾರದೂ ತಕರಾರಿರಲಿಲ್ಲ. ತಕರಾರೆಲ್ಲ ಅದರ ಹೆಸರಿನ ಮುಂದೆ ಇಂಗ್ಲಿಷಿನವರು ಒಮ್ಮೆ ಅಂಟಿಸಿ ಒಮ್ಮೆ ಬಿಡುವ ಆ 'ದ' (the) ಬಗ್ಗೆ. ಎರಡು ವಾರದ ಹಿಂದೆ ಪ್ರೊಫೆಸರೇ ಏಳು ಕಡೆ ಅದನ್ನು ಸೇರಿಸಿದ್ದರು. ಹೋದ ವಾರ, "ಇವನ್ನೆಲ್ಲ ಯಾರು ತುರುಕಿದ್ದು?" ಎಂದು ರೇಗಿ ಏಳನ್ನೂ ಹೊಡೆದುಹಾಕಿದ್ದರು. "ನಾನೇ ಸರ್, ತಪ್ಪಾಯ್ತು" ಎಂದು ಚಿಗುಸಾ ತಲೆ ಬಾಗಿಸಿದ್ದಳು. ಗುರುಗಳಿಗೆ 'ನೀವೇ' ಎನ್ನುವುದುಂಟೆ? ಹೊರಗೆ ಬಂದವಳಿಗೆ ಪ್ರಯೋಗಾಲಯದ ಹಿರಿಯ ವಿದ್ಯಾರ್ಥಿ ಮಮಿಯಾ ಗುಟ್ಟು ಹೇಳಿಕೊಟ್ಟಿದ್ದ: "ಏನೂ ಮುಟ್ಟಬೇಡ ಕಣೆ. ಅದನ್ನೇ ಇನ್ನೊಂದು ಪ್ರಿಂಟ್ ತೆಗೆದು ಮುಂದಿನ ವಾರ ಕೊಡು. ನಾವೆಲ್ಲ ಪಾಸಾಗಿರೋದೇ ಹಂಗೆ."

ಹಾಗೆ ತೆಗೆದು ತಂದ ಪ್ರಿಂಟಿನ ಮೇಲೆ ಇವತ್ತು ಪೆನ್ನು ಕೆಳಗಿಳಿಯಲಿಲ್ಲ. "ಭೇಷ್! ಒಂದೊಂದು 'ದ'ನೂ ಎಲ್ಲಿರಬೇಕೋ ಅಲ್ಲೇ ಇದೆ" ಎಂದು ಪ್ರೊಫೆಸರ್ ತಮ್ಮ ಒಪ್ಪಿಗೆಯ ಮೊಹರು ಒತ್ತಿದರು. ಚಿಗುಸಾ ಸೊಂಟ ಬಗ್ಗಿಸಿ ವಂದಿಸಿ ಹಾಳೆಗೆ ಕೈ ಚಾಚಿದಳು. ಅವರು ಬಿಡಲಿಲ್ಲ. ಹಾಳೆಯ ನೆತ್ತಿಯ ಮೇಲೆ ಹಾಗೇ ಉಳಿದಿದ್ದ ಹೋದ ವಾರದ ತಾರೀಖಿಗೆ ಕೆಂಪು ಸುತ್ತು ಹಾಕಿದರು.

"ಇದೊಂದನ್ನ ಬದಲಾಯಿಸ್ಬೇಕಮ್ಮ" ಎಂದರು ತಲೆ ಎತ್ತದೆ. "ನಮ್ಮ ಮೇಷ್ಟ್ರ ಹತ್ರ ನಾನೂ ಸಿಕ್ಕಿಬಿದ್ದಿದ್ದು ಇಲ್ಲೇ."