ಸುಮ್ಮನೆ ನೋಡುವ ದುರ್ಬೀನು

ಭಾಷ್ಯಂ ದುರ್ಬೀನಿಗೆ ಕಣ್ಣು ತಾಗಿಸಿದ್ದನಷ್ಟೆ, ಬೆನ್ನ ಹಿಂದಿನಿಂದ ಯಾರೋ ಕೇಳಿದರು: "ರೋಡು ಯಾವ ಕಡಿಂದ ಹೋಯ್ತದೆ ಸ್ವಾಮಿ?"

ತಿರುಗಿದರೆ, ಹೆಗಲ ಮೇಲೆ ಟವೆಲು ಹಾಕಿಕೊಂಡ ಹಿರಿಯರೊಬ್ಬರು. ಹೆಸರು ಜವರಯ್ಯ ಎಂದೂ ಎದುರಿಗಿರುವ ತೆಂಗಿನ ತೋಟ ತಮ್ಮದೆಂದೂ ಅವರೇ ಹೇಳಿಕೊಂಡರು. ಭಾಷ್ಯಂ ಅರಸೀಕೆರೆಯಲ್ಲಿ ಬ್ಯಾಂಕ್ ಗುಮಾಸ್ತ. ಹಿಂದಿನ ಕಾಲದಲ್ಲಿ ಜಮೀನು ಅಳೆಯುತ್ತಿದ್ದ ಸಲಕರಣೆ ಎಲ್ಲಿ ಸಿಕ್ಕರೂ ತಂದು ಮನೆ ತುಂಬಿಸುವ ಹುಚ್ಚು ಅವನಿಗೆ. ಆ ದಿನ ಜಾವಗಲ್‌ನ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಪಂಪುಗಳ ನಡುವೆ, ಸರ್ವೆಯವರು ಅಳೆಯಲು ಬಳಸುತ್ತಿದ್ದ ಈ ಹಿತ್ತಾಳೆಯ ದುರ್ಬೀನು, ಥಿಯೋಡೊಲೈಟ್, ಸಿಕ್ಕಿತ್ತು. ಗಾಜು ಸರಿಯಿದೆಯೋ ಇಲ್ಲವೋ ಎಂಬ ತವಕ ತಡೆಯಲಾರದೆ ದಾರಿಯಲ್ಲೇ ಕಾರು ನಿಲ್ಲಿಸಿ, ಮೂರು ಕಾಲಿನ ಸ್ಟ್ಯಾಂಡ್ ಹೂಡಿದ್ದ.

"ರೋಡೂ ಇಲ್ಲ, ಏನೂ ಇಲ್ಲ ಯಜಮಾನ್ರೇ. ಇದು ಹಳೇದು. ಇದರ ಅಂಕಿಗಳೆಲ್ಲ ಸವೆದುಹೋಗಿವೆ, ಅಳೆಯೋಕೇ ಬರಲ್ಲ. ಗುಜರಿಯಿಂದ ತಂದೆ."

"ಗುಜರಿ ಸಾಮಾನು ತಮಗ್ಯಾಕೆ?"

"ಮನೇಲಿ ಇಟ್ಕೊಳ್ಳೋಕೆ."

"ಇಟ್ಕೊಂಡು?"

"ಸುಮ್ನೆ ನೋಡೋಕೆ."

ಜವರಯ್ಯ ಕಾರನ್ನೊಮ್ಮೆ, ಇಸ್ತ್ರಿ ಮಾಡಿದ ಅಂಗಿಯನ್ನೊಮ್ಮೆ ನೋಡಿದರು. "ಹೇಳ್ಬಾರ್ದು ಅಂತ ಮೇಲಿಂದ ಆರ್ಡರ್ ಆಗಿರ್ತದೆ, ಬಿಡಿ. ತೋಟದ ಬಾವಿ ಒಂದು ಬಿಟ್ಟು ಅಳೀರಿ, ಅಷ್ಟೇಯ."

ಭಾಷ್ಯಂ ಮತ್ತೆ ಮೊದಲಿನಿಂದ ಹೇಳಿದ. ಬ್ಯಾಂಕಿನ ಗುರುತಿನ ಚೀಟಿ ತೋರಿಸಿದ. ಅದರ ಮೇಲಿನ ಮೊಹರು ನೋಡಿ ಅವರ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಅಷ್ಟರಲ್ಲಿ ಅವರ ಹೆಂಡತಿ ಲಲಿತಮ್ಮ ಎಳನೀರು ಕೆತ್ತಿಸಿಕೊಂಡು ಬಂದರು. ಬೇಡವೆಂದರೆ ಜವರಯ್ಯನ ಮುಖ ಸಣ್ಣದಾಯಿತು. "ತಾವು ಕುಡೀದೆ ಹೋದ್ರೆ ತೋಟ ಹೋಯ್ತು ಅಂತ್ಲೇ ಲೆಕ್ಕ." ತಲೆ ಕೆಟ್ಟು ಭಾಷ್ಯಂ ಗಟಗಟ ಕುಡಿದ.

"ಕುಡುದ್ರು ಕಣಮ್ಮಿ," ಎಂದರು ಜವರಯ್ಯ ಹೆಂಡತಿಗೆ, ಗುಟ್ಟಿನ ದನಿಯಲ್ಲಿ. "ಬಾವಿ ಉಳೀತು."

ಭಾಷ್ಯಂಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಇಷ್ಟು ಹೊತ್ತಿಗೆ ಮನೆಯಲ್ಲಿ ಕೂತು ಹಿತ್ತಾಳೆ ಒರೆಸುತ್ತಿರಬಹುದಾಗಿತ್ತು. ದುರ್ಬೀನನ್ನು ತೋಟದಾಚೆಯ ಅವರ ಹೆಂಚಿನ ಮನೆಯತ್ತ ತಿರುಗಿಸಿ, "ಬನ್ನಿ, ನೀವೇ ನೋಡಿ. ಬರೀ ದೂರದ್ದು ಹತ್ತಿರ ಕಾಣುತ್ತೆ. ಇನ್ನೇನೂ ಇಲ್ಲ ಇದರಲ್ಲಿ," ಎಂದ.

ಜವರಯ್ಯ ಎರಡು ಹೆಜ್ಜೆ ಹಿಂದೆ ಸರಿದರು. "ನಾನು ನೋಡಕಿಲ್ಲ. ನೋಡುದ್ರೆ ರೋಡಿಗೆ ಒಪ್ಕೊಂಡಂಗಾಯ್ತದೆ."

ಲಲಿತಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು. ಬಗ್ಗಿ, ಕಣ್ಣಿಟ್ಟು, ಬಹಳ ಹೊತ್ತು ನೋಡಿದರು.

"ನಮ್ಮನೆ ತಲೆಕೆಳಗಾಗೈತೆ."

"ಹಳೇ ದುರ್ಬೀನಿನಲ್ಲಿ ಹಾಗೇ ಕಾಣೋದಮ್ಮ," ಎಂದ ಭಾಷ್ಯಂ, ಕೊನೆಗೂ ಯಾರೋ ಒಬ್ಬರು ಕೇಳಿಸಿಕೊಳ್ಳುತ್ತಿದ್ದಾರೆಂಬ ಸಮಾಧಾನದಲ್ಲಿ. "ಅಳೆಯೋರಿಗೆ ಅದು ಅಭ್ಯಾಸ ಆಗಿರುತ್ತೆ. ಅವರಿಗೆ ಏನೂ ಅನ್ಸಲ್ಲ."

ಲಲಿತಮ್ಮ ಕಣ್ಣು ತೆಗೆಯಲಿಲ್ಲ.

"ನನ್ನ ತವರುಮನೆ ಮ್ಯಾಲೆ ರೋಡು ಹೋದಾಗ ಅಳೆಯೋಕೆ ಬಂದೋರು ಇಂಥದ್ರಲ್ಲೇ ನೋಡಿದ್ರು," ಎಂದರು. "ಅವ್ರಿಗೂ ಏನೂ ಅನ್ನಿಸ್ಲಿಲ್ಲ."