ಕೊನೆಯ ಬಡಿತದ ಗಂಟೆ

ಗುಡ್ಡದ ಮಣ್ಣಿನಡಿ ನನ್ನ ಹೆಂಡತಿಯ ದೇಹ ಸಿಕ್ಕಿತೆಂದು ತಿಳಿದದ್ದು ಏಕಾದಶಿಯ ಬೆಳಗ್ಗೆ. ಗುಡ್ಡ ಕುಸಿದದ್ದು ಹಿಂದಿನ ದಿನ ಮಧ್ಯಾಹ್ನ. ಕತ್ತಲಾಯಿತೆಂದು ಹುಡುಕುವವರು ನಿಲ್ಲಿಸಿದಾಗ ನಾನೂ ಅವರೊಡನೆ ಮರಳಿದ್ದೆ.

ಶ್ರಾದ್ಧಕ್ಕೆ ತಿಥಿ ಬೇಕಿತ್ತು. ಅವಳ ಕೈಗಡಿಯಾರ ನಾಡಿಬಡಿತವನ್ನು ದಾಖಲಿಸುತ್ತಿತ್ತು. ಸೊಸೆ ಒಂದು ಪ್ರೋಗ್ರಾಂ ಬರೆದು ಆ ದಾಖಲೆಯನ್ನು ಓದಿದಳು.

"ಕೊನೆಯ ಬಡಿತ ಸಂಜೆ ನಾಲ್ಕು ಗಂಟೆಗೆ, ಮಾವ."

"ಸದ್ಯ! ನಾವಿನ್ನೂ ಹುಡುಕುತ್ತಿದ್ದಾಗಲೇ ಹೋಗಿದ್ದಾಳೆ. ಬದುಕಿದ್ದವಳನ್ನು ಬಿಟ್ಟು ಬಂದ ಹಾಗಾಗಲಿಲ್ಲ ಬಿಡು."

ಸೊಸೆ ಪರದೆಯಿಂದ ತಲೆಯೆತ್ತಲಿಲ್ಲ.

"ಏನಮ್ಮಾ?"

"ಮಾವ, ಅದು ಗ್ರೀನಿಚ್ ಕಾಲಮಾನ. ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಬೇಕಿತ್ತು. ಮರೆತಿದ್ದೆ."

ನಾರಾಯಣಾ, ಆ ಕತ್ತಲಲ್ಲಿ ನಮಗಾಗಿ ಕಾದವಳಿಗೆ ಶಾಂತಿ ಕೊಡು.